ಏಳನೇ ಫ್ಯಾನಿನಿಂದ ಇಳಿಯದ ಪಕ್ಕೀರಪ್ಪ

ಪೆಕ್ಕಾ ಫಿನ್‌ಲ್ಯಾಂಡಿನವನು. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ಗೇರ್‌ಬಾಕ್ಸ್ ನೋಡಿಕೊಳ್ಳಲೆಂದು ಕಂಪನಿ ಅವನನ್ನು ಎರಡು ವರ್ಷಕ್ಕೆ ಕಳಿಸಿತ್ತು. ನಾನು ರೂಪಾ, ಅಲ್ಲೇ ಸೇಫ್ಟಿ ಆಫೀಸರ್, ರೋಣದಿಂದ ದಿನಾ ಬಸ್ಸಿಗೆ ಬರುವವಳು. ಅವನಿಗೆ ಕನ್ನಡ ಬರದು, ಊರವರಿಗೆ ಅವನ ಇಂಗ್ಲಿಷ್ ತಿಳಿಯದು. ನಡುವೆ ನಿಂತು ಮಾತು ದಾಟಿಸುವ ಕೆಲಸ, ಯಾರೂ ಹೇಳದಿದ್ದರೂ, ನನಗೇ ಬಿತ್ತು.

ಗೆಸ್ಟ್‌ಹೌಸಿನ ಅಡುಗೆಯವನು ಪರದೇಶದವನಿಗೆ ಖಾರ ಆಗದೆಂದು ಮೂರು ದಿನ ಬ್ರೆಡ್ಡು, ಬೇಯಿಸಿದ ಗಜ್ಜರಿ ಹಾಕಿದ. ನಾಲ್ಕನೇ ದಿನ ನಾನು ಪೆಕ್ಕಾನನ್ನು ಬಸ್‌ಸ್ಟ್ಯಾಂಡಿನ ಹಿಂದಿರುವ ಗಾಳೆವ್ವನ ಖಾನಾವಳಿಗೆ ಕರೆದುಕೊಂಡು ಹೋದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿಯ ಮೇಲೆ ಗಟ್ಟಿ ಮೊಸರು. ನಾಲ್ಕು ರೊಟ್ಟಿ ಮುಗಿಯುವಷ್ಟರಲ್ಲಿ ಅವನ ಕಣ್ಣು ಮೂಗಿನಿಂದ ನೀರು ಇಳಿಯುತ್ತಿತ್ತು.

ಗಾಳೆವ್ವ ಗಾಬರಿಯಾದಳು. "ಯವ್ವಾ ರೂಪವ್ವಾ, ಅಳಾಕತ್ತಾನಲ್ಲ! ಏನ ಬೇಕ ಕೇಳ."

ಕೇಳಿದೆ. "ಇನ್ನೊಂದ ರೊಟ್ಟಿ ಬೇಕಂತರಿ," ಎಂದೆ.

ಅಂದಿನಿಂದ ಅವಳ ಬಾಯಲ್ಲಿ ಪೆಕ್ಕಾ ಪಕ್ಕೀರಪ್ಪನಾದ. ದಿನಾ ಹನ್ನೆರಡೂವರೆಗೆ ಹಾಜರ್.

ಅಷ್ಟಕ್ಕೇ ನಿಂತಿದ್ದರೆ ಚಲೋ ಇತ್ತು. ಊರವರು ಗಾಳಿಯಂತ್ರಕ್ಕೆ ಫ್ಯಾನು ಅನ್ನುತ್ತಾರೆ. ಏಳನೇ ಫ್ಯಾನಿನ ಕಾವಲುಗಾರ ಮೋದಿನಸಾಬ ಒಂದು ದಿನ ತನ್ನ ಬುತ್ತಿಯಿಂದ ಪೆಕ್ಕಾನಿಗೆ ಸಜ್ಜಿ ರೊಟ್ಟಿ, ಮಟನ್ ಸಾರು ಕೊಟ್ಟ. ಮರುದಿನ ಮಧ್ಯಾಹ್ನ ಎರಡಕ್ಕೆ ಪೆಕ್ಕಾ ಗುಡ್ಡದ ಬುಡದಲ್ಲಿದ್ದ ಅವನ ಮನೆಯಲ್ಲೇ ಕೂತಿದ್ದ. ಮೋದಿನಸಾಬನ ಹೆಂಡತಿ ಕಾಶೀಂಬಿ ಅವನನ್ನು ಫಕೀರಸಾಬ ಎಂದು ಕರೆದಳು.

"ಇನ್ನೂ ಉಂಡಿಲ್ಲೇನ ಬಾಬಾ?"

ಪೆಕ್ಕಾ ಮೊದಲು ಕಲಿತ ಕನ್ನಡದ ಶಬ್ದ ಇದೇ: "ಇಲ್ಲ."

ಹೊಟ್ಟೆಯಲ್ಲಿ ಗಾಳೆವ್ವನ ಐದು ರೊಟ್ಟಿ ಇದ್ದವು. ನಾನು ಎದುರಿಗೇ ಇದ್ದು, "ಹೌದ್ರಿ, ಉಂಡಿಲ್ಲ," ಎಂದು ದನಿಗೂಡಿಸಿದೆ. ಆರು ತಿಂಗಳು ಹೀಗೇ ನಡೆಯಿತು. ಅಷ್ಟರಲ್ಲಿ ಅವನ ಸೇಫ್ಟಿ ಬೆಲ್ಟನ್ನು ನಾನು ಮೂರು ಸಲ ಸಡಿಲಿಸಿದೆ.

ಕಡೆಗೆ ಸಂತೆಯಲ್ಲಿ ಗುಟ್ಟು ಒಡೆಯಿತು. ಕಾಶೀಂಬಿ ಬದನೆಕಾಯಿ ಆರಿಸುತ್ತ, "ಎಳೀವ ಕೊಡಪಾ, ನಮ್ಮ ಫಕೀರಸಾಬ ಬಲತದ್ದ ಮುಟ್ಟಂಗಿಲ್ಲ," ಎಂದಳಂತೆ. ಅದೇ ರಾಶಿಗೆ ಕೈ ಹಾಕಿದ್ದ ಗಾಳೆವ್ವ, "ನಮ್ಮ ಪಕ್ಕೀರಪ್ಪನೂ ಹಂಗರಿ," ಎಂದಳಂತೆ.

"ನಮ್ಮಾವ ಬಾಗಲಾ ದಾಟಾಕ ಬಗ್ಗತಾನ್ರಿ."

"ನಮ್ಮಾವನೂ ಬಗ್ಗತಾನ. ಕೂದಲಾ ಹಳದಿ."

"ನಮ್ಮಾವನವೂ..."

ಇಬ್ಬರ ಕೈಯೂ ಬದನೆಕಾಯಿಯ ಮೇಲೇ ನಿಂತವು.

ಮರುದಿನ ಗಾಳೆವ್ವ ಮಧ್ಯಾಹ್ನದ ಊಟದ ಹೊತ್ತಿಗೆ ಖಾನಾವಳಿಗೆ ಬೀಗ ಹಾಕಿದಳು. ಅವಳ ಗಂಡ ತೀರಿದಾಗ ಬಿಟ್ಟರೆ ಹಾಗೆ ಎಂದೂ ಆಗಿರಲಿಲ್ಲ. ಅವಳೂ ಕಾಶೀಂಬಿಯೂ ಆಟೋದಲ್ಲಿ ಒಂದೊಂದು ಬುತ್ತಿ ಡಬ್ಬಿ ಹಿಡಿದು ಗುಡ್ಡ ಹತ್ತಿ, ಏಳನೇ ಫ್ಯಾನಿನ ಮೆಟ್ಟಿಲ ಮೇಲೆ ಕೂತರು. ಪೆಕ್ಕಾ ಮತ್ತು ನಮ್ಮ ಮೆಕ್ಯಾನಿಕ್ ದ್ಯಾಮೇಶ ಎಂಬತ್ತು ಮೀಟರ್ ಮೇಲೆ, ಕಂಬದ ತುದಿಯ ಕೋಣೆಯಲ್ಲಿದ್ದರು. ನನ್ನ ವಾಕಿಟಾಕಿ ಗುರುಗುಟ್ಟಿತು.

"ರೂಪಾ, ಕೆಳಗೆ ಕೂತಿರುವವರಲ್ಲಿ ಒಬ್ಬರು ಗಾಳೆವ್ವನಾ?"

"ಹೌದು."

"ಇನ್ನೊಬ್ಬರು ಕಾಶೀಂಬಿಯಾ?"

"ಹೌದು."

"ಗೇರ್‌ಬಾಕ್ಸಿನ ಎಣ್ಣೆ ಸೋರುತ್ತಿದೆ. ಇಳಿಯುವುದು ಸಂಜೆಯಾಗಬಹುದು."

ನಡುವೆ ದ್ಯಾಮೇಶ ಬಾಯಿ ಹಾಕಿದ. "ಎಣ್ಣಿ ಏನೂ ಸೋರಿಲ್ರಿ ಮೇಡಂ. ನನಗ ಹಸಿವ್ಯಾಗೇತಿ."

ಕಾಶೀಂಬಿ ನನ್ನ ಕೈಯಿಂದ ವಾಕಿಟಾಕಿ ಇಸಿದುಕೊಂಡಳು. "ಫಕೀರಸಾಬ, ಇಳದ ಬಾ. ಯಾರೂ ಹೊಡ್ಯಾಂಗಿಲ್ಲ."

"ನಾ ಏನ ಮಾತ ಕೊಟ್ಟಿಲ್ಲ!" ಎಂದು ಗಾಳೆವ್ವ ಪಕ್ಕದಿಂದಲೇ ಕೂಗಿದಳು. ಅದು ಗುಡ್ಡದ ಮೇಲಿನ ಎಲ್ಲರ ವಾಕಿಟಾಕಿಯಲ್ಲೂ ಕೇಳಿಸಿತು. ಹನ್ನೊಂದನೇ ಫ್ಯಾನಿನಿಂದ ಯಾರೋ ಸೀಟಿ ಹೊಡೆದರು.

ಒಂದೂವರೆ ತಾಸಿನ ಮೇಲೆ ಹಸಿವೇ ಅವನನ್ನು ಇಳಿಸಿತು. ಹೆಲ್ಮೆಟ್ ಕೈಯಲ್ಲಿ ಹಿಡಿದು ಇಬ್ಬರ ಮುಂದೆ ತಲೆತಗ್ಗಿಸಿ ನಿಂತ.

"ನೀ ಎರಡ ಕಡೆ ಉಂಡಿದ್ದಕ್ಕ ನನಗ ಸಿಟ್ಟಿಲ್ಲ," ಎಂದಳು ಗಾಳೆವ್ವ. "ಸುಳ್ಳ ಯಾಕ ಹೇಳಿದಿ? ಈಗರೆ ಖರೇ ಹೇಳ. ಯಾರ ಕೈ ರುಚಿ ಚಲೋ?"

ಪೆಕ್ಕಾ ಯಂತ್ರ ಕೆಟ್ಟಾಗ ಯೋಚಿಸುವ ಹಾಗೆ ಬಹಳ ಹೊತ್ತು ಯೋಚಿಸಿದ. ಕಾಶೀಂಬಿಯ ರೊಟ್ಟಿ ದಪ್ಪ, ಗಾಳೆವ್ವನದು ಹಾಳೆಯಷ್ಟು ತೆಳು ಎಂದ. ಗಾಳೆವ್ವನ ಮುಖ ಅರಳಿತು. ಆದರೆ ಚಟ್ನಿ ಮಾತ್ರ ಕಾಶೀಂಬಿಯದೇ ಮೇಲು ಎಂದ. ಸುಳ್ಳು ದಾಟಿಸಿ ನನಗೂ ಸಾಕಾಗಿತ್ತು. ಇದ್ದದ್ದು ಇದ್ದ ಹಾಗೇ ಹೇಳಿದೆ.

ಗಾಳೆವ್ವ ಕಾಶೀಂಬಿಯ ಡಬ್ಬಿ ತೆಗೆದು ಗುರೆಳ್ಳು ಚಟ್ನಿಯನ್ನು ಬೆರಳ ತುದಿಗೆ ಹಚ್ಚಿ ನೆಕ್ಕಿದಳು. ಮತ್ತೊಮ್ಮೆ ನೆಕ್ಕಿದಳು.

"ಇದಕ್ಕ ಏನ ಹಾಕೀರಿ?"

"ಭಾಳ ಏನಿಲ್ರಿ. ಬಳ್ಳೊಳ್ಳಿ ಸಿಪ್ಪಿ ಸುಲ್ಯಾಂಗಿಲ್ಲ, ಹಂಗ ಕುಟ್ಟತೀನಿ. ನಿಮ್ಮ ರೊಟ್ಟಿ ಹಿಂಗ ತೆಳ್ಳಗ ಹ್ಯಾಂಗ ಬರ್ತಾವ್ರಿ? ನಾ ಬಡದರ ಹರೀತಾವ."

"ನೀರ ಎಷ್ಟ ಕಾಯ್ಸತೀರಿ?"

ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಪೆಕ್ಕಾ ಮೆಲ್ಲಗೆ ಡಬ್ಬಿಗೆ ಕೈ ಹಾಕಿದ. ಗಾಳೆವ್ವ ತಿರುಗಿಯೂ ನೋಡದೆ ಆ ಕೈಗೆ ಒಂದು ಏಟು ಕೊಟ್ಟಳು. "ತಡಿ, ಮಾತಾಡಾಕತ್ತೀವಿ." ಅಷ್ಟರಲ್ಲಿ ದ್ಯಾಮೇಶ, ಮೋದಿನಸಾಬ ಸೇರಿ ಇನ್ನೊಂದು ಡಬ್ಬಿ ಖಾಲಿ ಮಾಡಿದ್ದರು.

ಸಂಜೆಯೊಳಗೆ ತೀರ್ಪಾಯಿತು. ಸೋಮವಾರದಿಂದ ಮೂರು ದಿನ ಗಾಳೆವ್ವ, ಆಮೇಲಿನ ಮೂರು ದಿನ ಕಾಶೀಂಬಿ. ಆದಿತ್ಯವಾರ ಪೆಕ್ಕಾ ತಾನೇ ಅಡುಗೆ ಮಾಡಿ ಇಬ್ಬರಿಗೂ ಬಡಿಸಬೇಕು.

ಮೊದಲ ಆದಿತ್ಯವಾರ ಅವನು ತನ್ನ ದೇಶದಿಂದ ತಂದಿದ್ದ ಹಿಟ್ಟಿನ ಗಂಜಿ ಕುದಿಸಿ, ಚೂರು ಬೆಣ್ಣೆ, ಚಿಟಿಕೆ ಉಪ್ಪು ಹಾಕಿ ಎಲ್ಲರ ಮುಂದಿಟ್ಟ. ಗಾಳೆವ್ವ ಒಂದು ಚಮಚ ನುಂಗಿ, ನೀರು ಕುಡಿದಳು.

"ರೂಪವ್ವಾ, ಇದನ್ನ ಅವರ ಊರಾಗ ಜಡ್ಡಾದವ್ರಿಗೆ ಕೊಡ್ತಾರೇನ?"

"ಇಲ್ರಿ, ದಿನಾ ಮುಂಜಾನೆ ಎಲ್ಲಾರೂ ಇದನ್ನ ತಿಂತಾರಂತ. ಅವರವ್ವ ಈಗೂ ಮಾಡ್ತಾಳಂತ."

ಕಾಶೀಂಬಿಯ ಕಣ್ಣು ತುಂಬಿದವು. "ಅದಕ್ಕ ಊರ ಬಿಟ್ಟ ಬಂದಾನ ಪಾಪ."

ಗಾಳೆವ್ವ ತಟ್ಟೆ ಪಕ್ಕಕ್ಕೆ ಸರಿಸಿದಳು. "ಇಂವ ಬಂದ, ಉಂಡ. ಅವರವ್ವ ಅಲ್ಲೇ ಉಳದಾಳಲ್ಲ! ಪೋಸ್ಟಿನ್ಯಾಗ ಕಡಕ್ ರೊಟ್ಟಿ ಕಳಸಾಕ ಬರ್ತೈತೇನ, ಕೇಳ ಅವಗ."

ಪೆಕ್ಕಾ ನಗುತ್ತ ತಾಯಿಯ ವಿಳಾಸ ಬರೆದುಕೊಟ್ಟ. ಆ ಬುಧವಾರ ನಾನು ಅಂಚೆ ಕಚೇರಿಯಲ್ಲಿ ನಿಂತು, ಐವತ್ತು ರೊಟ್ಟಿಯ ಪೆಟ್ಟಿಗೆಯ ಮೇಲೆ 'ಒಡೆಯುವ ಸಾಮಾನು, ಜೋಕೆ' ಎಂದು ಕೆಂಪು ಅಕ್ಷರದಲ್ಲಿ ಬರೆದೆ.