ನಾಲ್ಕನೆಯ ಪ್ರಶ್ನೆ

"ಅಪ್ಪ ತೀರಿಕೊಂಡಾಗ ನನಗೆ ಹದಿನಾರು ವರ್ಷ," ಎಂದು ಅವಳು ಕ್ಯಾಮೆರಾವನ್ನೇ ನೋಡುತ್ತ ಹೇಳಿದಾಗ, ಅವಳ ಅಪ್ಪ ಎರಡು ಬೀದಿಯಾಚೆ ತನ್ನ ಅಂಗಡಿಯಲ್ಲಿ ಕೂತು ಯಾರದೋ ಕನ್ನಡಕದ ಮುರಿದ ಕಾಲು ಕೂರಿಸುತ್ತಿದ್ದ. ಬೆಳಿಗ್ಗೆ ತಿಂಡಿಗೆ ಉಪ್ಪು ಕಮ್ಮಿಯಾಯಿತೆಂದು ಗೊಣಗಿ, ಛತ್ರಿ ಮರೆತು ಹೊರಟು, ಅರ್ಧ ದಾರಿಯಿಂದ ವಾಪಸು ಬಂದು ಅದನ್ನು ತೆಗೆದುಕೊಂಡು ಹೋಗಿದ್ದ. ಸತ್ತವರು ಇಷ್ಟೆಲ್ಲ ಮಾಡುವುದಿಲ್ಲ.

ಕೊಠಡಿಯಲ್ಲಿದ್ದ ಇಪ್ಪತ್ತು ಮಂದಿ ಮಾತ್ರ ಪಿಟ್ಟೆನ್ನದೆ ಕೂತಿದ್ದರು. ವಿಶ್ವವಿದ್ಯಾಲಯದ ಕೊನೆಯ ವರ್ಷದವರಿಗೆ ವಾರಕ್ಕೊಂದು ಮಧ್ಯಾಹ್ನ ನಡೆಯುವ ಕೌಶಲ್ಯ ತರಬೇತಿ ಅದು. ಒಬ್ಬೊಬ್ಬರೇ ಹೋಗಿ ಕ್ಯಾಮೆರಾದ ಎದುರು ಕುರ್ಚಿಯಲ್ಲಿ ಕೂರಬೇಕು. ತರಬೇತಿಯ ಮೇಡಂ ಆರು ಪ್ರಶ್ನೆ ಕೇಳುತ್ತಾರೆ, ಒಂದೊಂದಕ್ಕೆ ಎರಡು ನಿಮಿಷ. ಆಮೇಲೆ ಅದನ್ನೇ ಪರದೆಯ ಮೇಲೆ ಹಾಕಿ ತೋರಿಸುತ್ತಾರೆ, ಜೊತೆಯವರೇ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡಬೇಕು. ನಾಲ್ಕನೆಯ ಪ್ರಶ್ನೆ ಎಲ್ಲರಿಗೂ ಒಂದೇ: ನೀವು ದಾಟಿ ಬಂದ ಒಂದು ಕಷ್ಟ ಯಾವುದು, ಅದರಿಂದ ಏನು ಕಲಿತಿರಿ?

ಅವಳ ಗೋಳೇನೆಂದರೆ ಹೇಳಿಕೊಳ್ಳುವಂಥ ಕಷ್ಟವೇ ಅವಳಿಗೆ ಬಂದಿರಲಿಲ್ಲ. ಪಕ್ಕದಲ್ಲಿ ಕೂರುವ ಗೆಳತಿಗೆ ಸುಟ್ಟುಹೋದ ಮನೆಯಿತ್ತು. ಹಿಂದಿನ ಬೆಂಚಿನವನಿಗೆ ಅಪಘಾತದಲ್ಲಿ ಮುರಿದ ಕಾಲಿತ್ತು. ಇವಳಿಗೆ ಇದ್ದದ್ದು ಅಪ್ಪ, ಅಮ್ಮ, ಎರಡು ಕೋಣೆಯ ಮನೆ, ಮತ್ತೆ ಒಂದು ಸಲ ಗಣಿತದಲ್ಲಿ ಫೇಲಾದದ್ದು. ಆ ಗಣಿತದ ಕಥೆ ಹೇಳಿ ಹತ್ತಕ್ಕೆ ಮೂರು ತೆಗೆದುಕೊಂಡಿದ್ದಳು. ನಿನ್ನ ಬದುಕಿನಲ್ಲಿ ಏನೂ ಆಗೇ ಇಲ್ವೇನಮ್ಮ ಎಂದು ಮೇಡಂ ಕನಿಕರದಿಂದ ಕೇಳಿದಾಗ, ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದ್ದಳು.

ಕೆಲಸವಂತೂ ಅವಳಿಗೆ ಬೇಕೇ ಬೇಕಿತ್ತು. ಕನ್ನಡಕ ಮುರಿದರೆ ರಿಪೇರಿ ಮಾಡಿಸುವವರು ಈಗ ಯಾರಿದ್ದಾರೆ, ಎಲ್ಲರೂ ಹೊಸದು ಕೊಳ್ಳುತ್ತಾರೆ. ಆದರೂ ಅಪ್ಪ ಬೆಳಿಗ್ಗೆಯಿಂದ ಸಂಜೆವರೆಗೆ ಬಗ್ಗಿ ಕೂತು ಸಾಸಿವೆಗಿಂತ ಸಣ್ಣ ಸ್ಕ್ರೂಗಳ ಜೊತೆ ಗುದ್ದಾಡುತ್ತಿದ್ದ. ತನಗೊಂದು ಕೆಲಸ ಸಿಕ್ಕಿಬಿಟ್ಟರೆ ಅಂಗಡಿಗೆ ಬೀಗ ಹಾಕಿಸಿ ಅವನನ್ನು ಮನೆಯಲ್ಲಿ ಹಾಯಾಗಿ ಕೂರಿಸಬೇಕೆಂಬುದೊಂದೇ ಅವಳ ಆಸೆ. ಆ ಆಸೆಯಲ್ಲಿ ಒಂದು ದಿನ ನಾಲ್ಕನೆಯ ಪ್ರಶ್ನೆಗೆ ಬಾಯಿ ತೆರೆದವಳ ನಾಲಿಗೆಯಿಂದ ಆ ಮಾತು ತಾನಾಗಿ ಜಾರಿತು. ಒಂಬತ್ತು ಮಾರ್ಕ್ಸ್ ಬಂತು. ಮೇಡಂ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

ಒಂಬತ್ತಕ್ಕೇ ಬಿಡುವವರಲ್ಲ ಮೇಡಂ. ವಿವರ ಇಲ್ಲದಿದ್ದರೆ ಯಾರೂ ನಂಬುವುದಿಲ್ಲ ಎಂದರು. ಆ ದಿನ ಅವರು ಯಾವ ಅಂಗಿ ಹಾಕಿಕೊಂಡಿದ್ದರು, ಯಾರು ಮೊದಲು ನೋಡಿದರು, ನೀನೆಲ್ಲಿದ್ದೆ ಎಂದೆಲ್ಲ ಕೇಳಿದರು. ಅವಳು ಒಂದೊಂದೇ ಕೊಡುತ್ತ ಹೋದಳು. ಬೂದು ಬಣ್ಣದ ಅಂಗಿ. ಅಂಗಡಿಯ ಕುರ್ಚಿಯಲ್ಲೇ ಹೋದದ್ದು. ತಲೆ ಮೇಜಿನ ಮೇಲಿತ್ತು. ಬಿದ್ದ ಸ್ಕ್ರೂ ಹುಡುಕುತ್ತಿದ್ದಾರೆ ಅಂದುಕೊಂಡು ಗಿರಾಕಿಯೊಬ್ಬರು ಕಾಲು ಗಂಟೆ ಎದುರಿಗೇ ಕಾದಿದ್ದರು. ಆಮೇಲೆ ಅಂಗಡಿ ನಡೆಸಿಕೊಂಡೇ ಓದಿದೆ, ಜವಾಬ್ದಾರಿ ಕಲಿತೆ, ಸಮಯದ ಬೆಲೆ ಕಲಿತೆ. ಇಷ್ಟನ್ನೂ ದಿನಾ ಬೆಳಿಗ್ಗೆ ತನ್ನ ಕೋಣೆಯ ಕನ್ನಡಿಯ ಮುಂದೆ ನಿಂತು ಹೇಳಿ ಹೇಳಿ ನುಣುಪು ಮಾಡಿದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರೆಳೆದುಕೊಳ್ಳಬೇಕು ಎಂಬುದೆಲ್ಲ ಬಾಯಿಪಾಠವಾಯಿತು. ಕಾಲು ಗಂಟೆ ಕಾದರು ಎನ್ನುವಲ್ಲಿಗೆ ಕಣ್ಣು ತುಂಬಿ ಬರುತ್ತಿತ್ತು. ಅದಕ್ಕೆ ಅಭ್ಯಾಸವೇ ಬೇಕಾಗಲಿಲ್ಲ.

ಎರಡು ತಿಂಗಳು ಹೀಗೇ ಹೋಯಿತು. ಒಂದು ಮಧ್ಯಾಹ್ನ ಊಟಕ್ಕೆ ತಟ್ಟೆ ಇಡುವಾಗ ಎರಡೇ ಇಟ್ಟಳು. ಅಪ್ಪನ ತಟ್ಟೆ ಎಲ್ಲೇ ಎಂದು ಅಮ್ಮ ಕೇಳಿದಾಗ ಅವಳಿಗೆ ಪ್ರಶ್ನೆಯೇ ಒಂದು ಕ್ಷಣ ಅರ್ಥವಾಗಲಿಲ್ಲ. ಅಪ್ಪ ಕೈ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತದ್ದನ್ನು ನೋಡಿ ಅವಳ ಎದೆ ಧಸಕ್ಕೆಂದಿತು. ಅಪ್ಪ ಒಳಗೆ ಹೋಗಿ ತನ್ನ ತಟ್ಟೆ ತಾನೇ ತಂದುಕೊಂಡ. ಅವನು ಅಂಥ ಮಾತಿನ ಮಲ್ಲನೇನೂ ಅಲ್ಲ, ಆದರೂ ಇತ್ತೀಚೆಗೆ ತೀರಾ ಕಮ್ಮಿ ಮಾತಾಡುತ್ತಿದ್ದ. ಅಮ್ಮನ ಬಳಿ ಕೇಳಿದರೆ, ವಯಸ್ಸಾಯ್ತಲ್ಲ ಎಂದಳು.

ಕಂಪನಿಯವರು ಬಂದರು. ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು, ಮೇಡಂ ಹೇಳಿದ್ದ ಪ್ರಶ್ನೆಗಳನ್ನೇ ಹೆಚ್ಚುಕಮ್ಮಿ ಕೇಳಿದರು. ನಾಲ್ಕನೆಯದಕ್ಕೆ ಬಂದಾಗ ನಡುವೆ ಕೂತಿದ್ದವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆ ಸಂಜೆಯೇ ಪಟ್ಟಿಯಲ್ಲಿ ಅವಳ ಹೆಸರು ಬಂತು. ತುಂಬಿಕೊಡಲು ಫಾರ್ಮು ಕೊಟ್ಟರು. ಹೇಳಿದ್ದಕ್ಕೂ ಬರೆದದ್ದಕ್ಕೂ ತಾಳೆಯಾಗದಿದ್ದರೆ ಕೆಲಸವಿಲ್ಲ ಎಂದು ಅದರ ಅಡಿಯಲ್ಲೇ ಅಚ್ಚಾಗಿತ್ತು. ತಂದೆ ಎನ್ನುವ ಕಡೆ ದಿವಂಗತ ಎಂದು ಬರೆದಳು, ಪೋಷಕರು ಎನ್ನುವ ಕಡೆ ಚಿಕ್ಕಪ್ಪ ಎಂದು ಬರೆದಳು. ಇಲ್ಲದ ಚಿಕ್ಕಪ್ಪನಿಗೆ ಹೆಸರನ್ನೂ ಇಟ್ಟಳು. ಕಾಗದವನ್ನು ಯಾರು ನೋಡುತ್ತಾರೆ ಅಂದುಕೊಂಡಳು.

ನೋಡುವವನು ಎಂಟು ದಿನಕ್ಕೇ ಬಂದ. ಕೆಲಸಕ್ಕೆ ಸೇರುವವರ ಮನೆ, ಮನೆಮಂದಿ ಎಲ್ಲ ಬರೆದ ಹಾಗೇ ಇದೆಯೇ ಎಂದು ವಿಚಾರಿಸಿ ಸಹಿ ಹಾಕಿಸಿಕೊಂಡು ಹೋಗುವುದು ಅವನ ಕೆಲಸ. ಮನೆಗೆ ಬೀಗ ಹಾಕಿದ್ದರಿಂದ ಪಕ್ಕದವರು ಅಂಗಡಿಯ ದಾರಿ ತೋರಿಸಿದ್ದರು. ಅವಳು ಗಾಜಿನ ಕಪಾಟು ಒರೆಸುತ್ತ ನಿಂತಿದ್ದಳು. ಕಂಪನಿಯ ಹೆಸರು ಕೇಳಿದ್ದೇ ಒರೆಸುವುದನ್ನು ನಿಲ್ಲಿಸಿದಳು. ಅವನು ಫೈಲು ಬಿಚ್ಚಿ, ಹುಡುಗಿಯ ತಂದೆ ತೀರಿಕೊಂಡಿದ್ದಾರಲ್ಲ, ನೀವು ಚಿಕ್ಕಪ್ಪ ಅಲ್ವಾ ಎಂದು ಅಪ್ಪನನ್ನು ಕೇಳಿದ. ಈಗ ಹೇಳಿಬಿಡಬೇಕು, ಈಗಲೇ ಎಂದುಕೊಂಡಳು. ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು.

ಅಪ್ಪ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. ಅವಳನ್ನೊಮ್ಮೆ ನೋಡಿದ.

"ಹೌದು. ಇವಳು ನಮ್ಮಣ್ಣನ ಮಗಳು."

ಬಂದವನು ಕೆಟ್ಟವನಲ್ಲ, ಅಯ್ಯೋ ಪಾಪ ಎಂದ. ಏನಾಗಿತ್ತು ಎಂದು ಸುಮ್ಮನೆ ಲೋಕಾಭಿರಾಮಕ್ಕೆ ಕೇಳಿದ.

"ಇಲ್ಲೇ, ಈ ಕುರ್ಚೀಲೇ ಹೋದ್ರು," ಎಂದ ಅಪ್ಪ. "ಬೂದು ಬಣ್ಣದ ಅಂಗಿ ಹಾಕ್ಕೊಂಡಿದ್ರು. ತಲೆ ಮೇಜಿನ ಮೇಲಿತ್ತು. ಬಿದ್ದ ಸ್ಕ್ರೂ ಹುಡುಕ್ತಿದ್ದಾರೆ ಅಂದ್ಕೊಂಡು ಗಿರಾಕಿಯೊಬ್ರು ಕಾಲು ಗಂಟೆ ಕಾದ್ರು."

ಅವಳು ನಿಲ್ಲಿಸುತ್ತಿದ್ದ ಕಡೆಯಲ್ಲೇ ಅವನು ನಿಲ್ಲಿಸಿದ. ಅವಳು ಉಸಿರೆಳೆದುಕೊಳ್ಳುತ್ತಿದ್ದ ಕಡೆಯಲ್ಲೇ ಉಸಿರೆಳೆದುಕೊಂಡ. ಅವಳ ಕನ್ನಡಿ ನೇತುಹಾಕಿದ್ದ ಗೋಡೆಯ ಆಚೆ ಬದಿಯಲ್ಲೇ ಅಪ್ಪ ದಿನಾ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದದ್ದು. ಆ ಗೋಡೆಯೇನು ಕೋಟೆಯ ಗೋಡೆಯೇ? ಇಷ್ಟು ದಿನ ಅವಳಿಗೆ ಅದು ಹೊಳೆದೇ ಇರಲಿಲ್ಲ.

ಅಪ್ಪ ಇನ್ನೂ ಮುಗಿಸಿರಲಿಲ್ಲ. "ಅದಕ್ಕೆ ಹದಿನೈದು ದಿನ ಮುಂಚಿಂದ ಎಡಗೈ ಜೋಮು ಹಿಡೀತಿತ್ತು. ಹಿಡ್ಕೊಂಡಿದ್ದು ಗೊತ್ತಾಗ್ದೆ ಜಾರಿ ಬೀಳೋದು. ಮನೇಲಿ ಯಾರ ಹತ್ರನೂ ಹೇಳಿರ್ಲಿಲ್ಲ. ಮಗಳ ಓದು ಕೆಡುತ್ತೆ ಅಂತ."

ಬಂದವನು ತಲೆಯಾಡಿಸುತ್ತ ಏನೋ ಬರೆದುಕೊಂಡ. ಫಾರ್ಮು ಮುಂದಕ್ಕೆ ತಳ್ಳಿ ಬೆರಳಿಟ್ಟು ಜಾಗ ತೋರಿಸಿದ. ಅಲ್ಲಿದ್ದ ಚಿಕ್ಕಪ್ಪನ ಹೆಸರನ್ನು ಅಪ್ಪ ಒಂದು ಸಲ ಓದಿಕೊಂಡು, ಅದನ್ನೇ ನಿಧಾನವಾಗಿ ಬರೆದು ಸಹಿ ಹಾಕಿದ. ಕಾಗದ ಸರಿಯುತ್ತಿತ್ತು. ಅಪ್ಪ ಎಡಗೈಯಲ್ಲಿ ಅದನ್ನು ಒತ್ತಿಹಿಡಿಯಲಿಲ್ಲ, ಬಂದವನೇ ಹಿಡಿದುಕೊಂಡ. ಒಳ್ಳೆಯ ಹುಡುಗಿ, ಮುಂದೆ ಬರುತ್ತಾಳೆ ಎಂದು ಹೇಳಿ ಅವನು ಬಿಸಿಲಿಗಿಳಿದು ಹೋದ.

ಎಡಗೈಯ ಮಾತು ಅವಳ ಉತ್ತರದಲ್ಲಿ ಇರಲಿಲ್ಲ. ಎರಡು ತಿಂಗಳಲ್ಲಿ ಒಂದು ದಿನವೂ ಅವಳು ಅದನ್ನು ಹೇಳಿರಲಿಲ್ಲ. ಬಟ್ಟೆ ಬಿಸಾಡಿ ಮೇಜಿನ ಹತ್ತಿರ ಬಂದು ನಿಂತಳು.

"ಏಳಪ್ಪ. ಆಸ್ಪತ್ರೆಗೆ ಹೋಗೋಣ."

ಅಪ್ಪ ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡ. ದನಿಯಲ್ಲಿ ಕೋಪವಿರಲಿಲ್ಲ, ತಮಾಷೆಯೂ ಇರಲಿಲ್ಲ.

"ಅಲ್ಲಿ ಯಾರ ಹೆಸರು ಬರೆಸ್ತೀಯ ಪುಟ್ಟಿ?"

ಅವಳು ಬಗ್ಗಿ, ಅವನ ತೊಡೆಯ ಮೇಲೆ ಬಿದ್ದಿದ್ದ ಎಡಗೈಯನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟಳು. ಮಡಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವು ಅವಳು ಇಟ್ಟ ಹಾಗೆಯೇ ಇದ್ದವು.