ಕುದಿನೀರಿನಲ್ಲಿ ಅಂಗುಳ

ಓಲಗದವನ ಕೆನ್ನೆ ಹಲಸಿನಹಣ್ಣಿನಷ್ಟು ಉಬ್ಬಿದೆ, ಎರಡೂ ಕೆನ್ನೆ, ಪುಣ್ಯವಂತ, ಅಂಗುಳ ಭದ್ರವಾಗಿದ್ದರೆ ತಾನೆ ಅಷ್ಟು ಗಾಳಿ ನಿಲ್ಲುವುದು, ವೆಂಕಟರಾಮಯ್ಯನವರ ಬಾಯಲ್ಲೋ ಗಾಳಿಯೂ ನಿಲ್ಲದು ನೀರೂ ನಿಲ್ಲದು — ಗೆಡ್ಡೆಯ ಜೊತೆ ಮೇಲ್ದವಡೆಯ ಬಲಭಾಗವನ್ನೂ ಕತ್ತರಿಸಿದ ಮೇಲೆ ಉಳಿದದ್ದು ತೂತಲ್ಲ, ಗೊರೂರು ಅಣೆಕಟ್ಟಿನ ತೂಬು, ಕುಡಿದ ಕಾಫಿಯೆಲ್ಲ ಮೂಗಿನಲ್ಲಿ — ಹಿಂದೆ ಅವರು ಹೊಳೆನರಸೀಪುರದಲ್ಲಿ ಸಂಸ್ಕೃತ ಪಾಠ ಶುರುಮಾಡಿದರೆ ಅರಕಲಗೂಡಿನ ಹುಡುಗರು ಎದ್ದು ನಿಲ್ಲುತ್ತಿದ್ದರು, ಅಂಥ ಗಂಟಲು, ಕೊನೆಗೆ ಆಸ್ಪತ್ರೆಯ ಮಂಚದ ಮೇಲೆ ಸ್ಲೇಟು ಹಿಡಿದು, ಬದುಕಿ ಏನು ಮಾಡಲಿ, ಎಂದು ಬರೆದದ್ದು, ಮಗಳು ಹಂಸ ಅದನ್ನು ಸೆರಗಿನಲ್ಲೇ ಒರೆಸಿ, ಅಪ್ಪ, ನನ್ನ ಧಾರೇಲಿ ಪ್ರವರ ನೀನೇ ಹೇಳ್ಬೇಕು, ಅಲ್ಲೀವರೆಗೂ ನಂಗೆ ಮದುವೇನೇ ಬೇಡ — ಆಮೇಲೆ ಹಾಸನದ ಹಲ್ಲಿನ ಡಾಕ್ಟರು ಅಚ್ಚು ತೆಗೆದು ತೂತು ಮುಚ್ಚುವ ಗುಲಾಬಿ ಪ್ಲೇಟು ಕೂರಿಸಿದ ದಿನ, ಬಸ್ಸಿಡೀ ಕೇಳುವಂತೆ ರಾಮಃ ರಾಮೌ ರಾಮಾಃ, ಕಂಡಕ್ಟರು, ಸಾ, ವಸಿ ಮೆಲ್ಲಕೆ ಸಾ, ಡ್ರೈವರ್‌ಗೆ ಹಾರನ್ನೇ ಕೇಳ್ತಿಲ್ಲ — ಪ್ರವರ ಮೂರು ಸಲ ನಾನೇ ಹೇಳುವುದು, ಚನ್ನರಾಯಪಟ್ಟಣದ ಕೆರೆ ಏರಿಗೂ ಕೇಳಬೇಕು, ಎಂದು ಲಗ್ನಪತ್ರಿಕೆಯ ಜೊತೆ ಮನೆಮನೆಗೂ ಸಾರಿದರು, ಬಿಸಿನೀರು ಸೋಕಿಸಬೇಡಿ ಮೇಷ್ಟ್ರೇ, ಸೊಟ್ಟಗಾಗುತ್ತೆ, ಎಂದ ಡಾಕ್ಟರ ಮಾತೊಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ — ಗೋದಮ್ಮ ಇವತ್ತು ಬೆಳಿಗ್ಗೆ ಛತ್ರದ ಒಲೆಯ ಮುಂದೆ, ಏನ್ರೀ, ಎಂಜಲಿನ ಪ್ಲೇಟು ಹಾಕ್ಕೊಂಡು ಮಂತ್ರ ಹೇಳೋದೇ, ತುಳಸಿ ಹಾಕಿ ಚೆನ್ನಾಗಿ ಕುದಿಸಿದೀನಿ ನೋಡಿ, ಈಗ ಮಡಿ, ಎಷ್ಟು ಹೆಮ್ಮೆ ಆ ಮುಖದಲ್ಲಿ, ಹಿತ್ತಾಳೆ ಪಾತ್ರೆಯೊಳಗೆ ಗುಲಾಬಿ ತುಂಡು, ಟಕ, ಟಕ, ತುಳಸಿದಳದ ಜೊತೆ ಮೇಲೆ ಕೆಳಗೆ — ಸೌಟಿನಿಂದ ಎತ್ತಿ, ಬಾಯಿಗೆ ಒತ್ತಿ ಒತ್ತಿ ತುರುಕಿಕೊಂಡರು, ರಕ್ತದ ರುಚಿ, ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತದೆ — ಬಾಮೈದ ಗಿರಿಧರ ಕಿವಿಯ ಹತ್ತಿರ, ಭಾವ, ಹಟ ಬೇಡಿ, ಪುರೋಹಿತರೇ ಹೇಳ್ಲಿ, ನೀವು ತೆಂಗಿನಕಾಯಿ ಹಿಡ್ಕೊಂಡ್ರೆ ಸಾಕು — ಬೇಡ, ತಲೆಯಾಡಿಸುತ್ತಾರೆ, ಓಲಗ ನಿಂತಿತು, ಸಾವಿರ ಜನ, ಅಲ್ಲ, ಹತ್ತು ಸಾವಿರ, ಹೇಳಿ ಮೇಷ್ಟ್ರೇ, ಎಂದರು ಪುರೋಹಿತರು, ಹಂಸ ತಲೆಯೆತ್ತಿದಳು, ಬಾಸಿಂಗದ ಕೆಳಗೆ ಆ ಕಣ್ಣು, ಗೋದಮ್ಮನ ತುಟಿ ಆಗಲೇ ಅವರೊಂದಿಗೆ ಆಡುತ್ತಿದೆ, ಭಾರದ್ವಾಜ ಗೋತ್ರ — ಭಾ ಎನ್ನಬೇಕು, ಗಾಳಿಯೆಲ್ಲ ಮೂಗಿಗೆ ಹೋಯಿತು, ಇನ್ನೊಂದು ಸಲ, ಭಾ, ಪ್ಲೇಟು ಕಳಚಿ ನಾಲಿಗೆಯ ಮೇಲೆ ಬಿತ್ತು, ಅಗ್ನಿಯ ಮುಂದೆ ಉಗುಳುವಂತಿಲ್ಲ, ನುಂಗುವಂತಿಲ್ಲ, ಕೈಯೆತ್ತಿ ಬಾಯಿಗೆ ಹಾಕೋಣವೆಂದರೆ ಕೈತುಂಬ ಧಾರೆಯ ತೆಂಗಿನಕಾಯಿ, ಹಂಸ ನೋಡುತ್ತಿದ್ದಾಳೆ, ಎಲ್ಲರೂ ಕಾಯುತ್ತಿದ್ದಾರೆ, ಬಾಯೊಳಗೆ ಅದು ಹಲ್ಲಿಗೆ ತಾಗಿ, ಟಕ — ಹಿತ್ತಾಳೆ ಪಾತ್ರೆ, ಕುದಿನೀರು, ತುಳಸಿದಳ, ಗುಲಾಬಿ ತುಂಡು, ಟಕ, ಮೇಲೆ, ಕೆಳಗೆ, ಟಕ