ಟಾಕೀಸಿನ ಆಂಪ್ಲಿಫಾಯರ್

ಇಂಡಿ ಊರಿನ ಮೈಬೂಬ ಹೊಲಿಗೆಯಲ್ಲಿ ಹೆಸರು ಮಾಡಿದವನು. ಬೆಲ್‌ಬಾಟಮ್ ಪ್ಯಾಂಟಿಗೆ ಅವನಷ್ಟು ಧಾರಾಳವಾಗಿ ಅರಿವೆ ಬಿಡುವವರು ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಅವನ ಜೀವವೆಲ್ಲ ಇದ್ದದ್ದು ಗಿಟಾರಿನಲ್ಲಿ. ಮೀರಜದಲ್ಲಿ ತಂತಿವಾದ್ಯ ಮಾಡುವವರೊಬ್ಬರ ಬೆನ್ನು ಹತ್ತಿ ಮಾಡಿಸಿಕೊಂಡಿದ್ದ ಗಿಟಾರು ಅದು. ತಂತಿಗಳ ಕೆಳಗೆ ಅಯಸ್ಕಾಂತ ಕೂರಿಸಿ ವೈರು ಎಳೆದಿದ್ದರು. ಗೆಳೆಯ ಸಿದ್ದರಾಯ ಹಾಡುವುದು, ಮೈಬೂಬ ನುಡಿಸುವುದು, ಇನ್ನಿಬ್ಬರು ತಾಳಕ್ಕೆ. ಈ ನಾಲ್ವರ ಆರ್ಕೆಸ್ಟ್ರಾ ಸುತ್ತಲಿನ ಮದುವೆಗಳಲ್ಲಿ ಸಿನಿಮಾ ಹಾಡು ನುಡಿಸುತ್ತಿತ್ತು.

ಎಪ್ಪತ್ತೈದರ ಒಂದು ಸಂಜೆ ಮೈಬೂಬ ರೇಡಿಯೋದ ಮುಳ್ಳು ತಿರುಗಿಸುತ್ತಿದ್ದಾಗ ಯಾವುದೋ ಪರದೇಶದ ಸ್ಟೇಷನ್ ಸಿಕ್ಕಿತು. ಅದರಲ್ಲೊಂದು ಗಿಟಾರು, ಕಬ್ಬಿನ ಗಾಣಕ್ಕೆ ಕಲ್ಲು ಸಿಕ್ಕಂತೆ ಅಬ್ಬರಿಸುತ್ತಿತ್ತು.

"ಸಾಬೀರಾ, ಕೇಳ ಇಲ್ಲೆ! ಅಂವಾ ಗಿಟಾರ್ ಬಾರ್ಸಾಕತ್ತಿಲ್ಲ, ಕಬ್ಬಿಣ ಕಾಸಿ ಬಡ್ಯಾಕತ್ತಾನ!"

"ಬಡೀಲಿ ಬಿಡ್ರಿ. ನಿಮ್ಮ ರೊಟ್ಟಿ ಆರಾಕತ್ತಾವ," ಎಂದಳು ಹೆಂಡತಿ. ಹಾಗೆಂದರೂ ಅವಳ ಕಿವಿ ಅತ್ತಲೇ ಇತ್ತು.

ಸಾಬೀರಾಳದು ಮೈಕ್ ಸೆಟ್ಟಿನ ಮನೆತನ. ಬಸವನ ಬಾಗೇವಾಡಿಯಲ್ಲಿ ಅವಳ ಅಪ್ಪ ಖಾಜಾಸಾಬ ಮದುವೆ, ಉರುಸು, ಸಭೆಗಳಿಗೆಲ್ಲ ಮೈಕು ಕಟ್ಟುತ್ತಿದ್ದ. ಅಪ್ಪ ಬಿಚ್ಚಿ ಹರಡಿದ ಯಂತ್ರಗಳ ನಡುವೆಯೇ ಆಡಿ ಬೆಳೆದವಳು ಅವಳು. ಯಾವ ಸದ್ದು ಎಲ್ಲಿಂದ ಕೆಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಂದಿನಿಂದ ಮೈಬೂಬನಿಗೆ ಆ ಸದ್ದಿನದೇ ಧ್ಯಾನ. ಆರ್ಕೆಸ್ಟ್ರಾದವರು ಬಾಡಿಗೆಗೆ ತರುತ್ತಿದ್ದ, ದನಿ ಹಿಗ್ಗಿಸುವ ಯಂತ್ರದಲ್ಲಿ ಹಾಡಿಗೂ ಗಿಟಾರಿಗೂ ಇದ್ದದ್ದು ಒಂದೇ ದಾರಿ. ಗಿಟಾರಿಗೆಂದು ದನಿ ಏರಿಸಿದರೆ ಸಿದ್ದರಾಯನ ಗಂಟಲೂ ಹರಿದ ಚಾಪೆಯಾಗುತ್ತಿತ್ತು. ಎರಡು ಮದುವೆಗಳಲ್ಲಿ ಹೀಗಾದ ಮೇಲೆ ಸಿದ್ದರಾಯ ಅವನ ಜೊತೆ ಮಾತು ಬಿಟ್ಟ. ಗಿಟಾರಿಗೊಂದು, ಹಾಡಿಗೊಂದು ಬೇರೆ ಬೇರೆ ದಾರಿಯಿರುವ ಸ್ವಂತ ಆಂಪ್ಲಿಫಾಯರ್ ಕೊಳ್ಳದೆ ಗತ್ಯಂತರವಿಲ್ಲ ಎಂದು ಮೈಬೂಬ ತೀರ್ಮಾನಿಸಿದ.

ಗಂಡಹೆಂಡತಿ ಮೊದಲು ಸಿಂದಗಿಗೆ ಹೋದರು. ಅಲ್ಲಿಯ ಅಂಗಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಮುಖದ, ಆರು ಗುಂಡಿಗಳ ಯಂತ್ರವಿತ್ತು. "ಹೊಸಾ ಮಾಲ್ರಿ, ಟ್ರಾನ್ಸಿಸ್ಟರ್. ಹಳೇ ಗಾಜಿನ ವಾಲ್ವಿನ ಕಾಲ ಮುಗೀತು," ಎಂದ ಅಂಗಡಿಯವನು. ಅವನು ಹೇಳಿದ ಬೆಲೆಗೆ ಒಂದು ಒಳ್ಳೆಯ ಎತ್ತು ಬರುತ್ತಿತ್ತು. ಆದರೂ ಮೈಬೂಬ ಆ ಗುಂಡಿಗಳನ್ನು ಕೂಸಿನ ಗಲ್ಲ ಮುಟ್ಟಿದಂತೆ ಮುಟ್ಟಿದ. ಗಿಟಾರು ಜೋಡಿಸಿ ದನಿ ಏರಿಸಿದ. ಡಬ್ಬಿಯಲ್ಲಿ ಸಿಕ್ಕಿಬಿದ್ದ ಕಣಜದ ಹುಳದಂತೆ ಅದು ಚರಚರ ಎಂದಿತು.

"ಹೆಂಗ ಐತಿ?" ಎಂದು ಆಸೆಯಿಂದ ಕೇಳಿದ.

"ರೇಡಿಯೋದಾಗಿಂದು ಸಿಟ್ಟ ಇತ್ರಿ, ಇದು ನೆಗಡಿ," ಎಂದಳು ಸಾಬೀರಾ.

ವಾಪಸು ಬರುವಾಗ ಬಸ್ಸಿನಲ್ಲಿ ಅವನ ಸಪ್ಪೆ ಮೋರೆ ನೋಡಿ ಅವಳು ಅವನತ್ತ ತಿರುಗಿದಳು. "ವಾಲ್ವ್ ದಣಿದ್ರ ಮೆಲ್ಲಕ ಗುರುಗುಡತೈತಿ, ಟ್ರಾನ್ಸಿಸ್ಟರ್ ಒಮ್ಮಿಗೇ ಕೈ ಎತ್ತತೈತಿ ಅಂತಿದ್ದ ನಮ್ಮಪ್ಪ. ನಿಮಗ ಬೇಕಾಗಿದ್ದು ವಾಲ್ವಿನೊಳಗ ಐತಿ. ಅಣ್ಣಗ ಕೇಳ್ತೇನಿ, ತಡೀರಿ," ಎಂದಳು.

ಬಾಗೇವಾಡಿಯ ಅಣ್ಣ ದಸ್ತಗೀರಸಾಬ ಹದಿನೈದು ದಿನದಲ್ಲಿ ಸುದ್ದಿ ಕಳಿಸಿದ. ಮುದ್ದೇಬಿಹಾಳದಲ್ಲಿ ಚನ್ನಬಸಯ್ಯ ಎಂಬವರು ಊರೂರಿಗೆ ಟೆಂಟು ಹೊತ್ತು ಸಿನಿಮಾ ತೋರಿಸುತ್ತಿದ್ದರು. ವಯಸ್ಸಾಗಿ ಅದನ್ನು ಬಿಟ್ಟಿದ್ದಾರೆ, ಅವರ ಆಂಪ್ಲಿಫಾಯರು ಮನೆಯಲ್ಲಿದೆ, ಕೇಳಿದ ಗುಜರಿಯವರನ್ನೆಲ್ಲ ಬೈದು ಅಟ್ಟಿದ್ದಾರೆ ಎಂಬುದು ಸುದ್ದಿ.

ಗಂಡಹೆಂಡತಿ ಮುದ್ದೇಬಿಹಾಳಕ್ಕೆ ಹೋದಾಗ ಚನ್ನಬಸಯ್ಯ ಪಡಸಾಲೆಯಲ್ಲಿ ಯಂತ್ರದ ಮೇಲಿನ ದುಪ್ಪಟಿ ಸರಿಸಿದರು. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಇಬ್ಬರು ಎತ್ತುವಷ್ಟು ಭಾರ. ಎರಡು ಮೈಕಿಗೆ, ಒಂದು ಗ್ರಾಮಾಫೋನಿಗೆ, ಒಂದು ಸಿನಿಮಾಕ್ಕೆ ಬೇರೆ ಬೇರೆ ಗುಂಡಿ. ಎಲ್ಲಕ್ಕೂ ಸೇರಿ ಕಡೆಗೊಂದು ದೊಡ್ಡ ಗುಂಡಿ. ಕರೆಂಟು ಹಾಕಿದಾಗ ವಾಲ್ವುಗಳು ಒಂದೊಂದಾಗಿ ಕೆಂಡದ ಬಣ್ಣಕ್ಕೆ ತಿರುಗಿದವು. ಸಾಬೀರಾ ಮುಂದೆ ಬಂದು ಪೆನ್ಸಿಲಿನ ತುದಿಯಿಂದ ಒಂದೊಂದೇ ವಾಲ್ವನ್ನು ಮೆಲ್ಲಗೆ ತಟ್ಟಿದಳು. ಮೂರನೆಯದನ್ನು ತಟ್ಟಿದಾಗ ಯಂತ್ರಕ್ಕೆ ಜೋಡಿಸಿದ್ದ ಸ್ಪೀಕರಿನ ಹಾರ್ನಿನಲ್ಲಿ ಟಿಣ್ ಎಂದು ಸದ್ದಾಯಿತು.

"ಅಯ್ನಾರ, ಇದೊಂದು ಸಡಲ ಆಗೇತ್ರಿ."

ಮುದುಕರು ಅವಳನ್ನೇ ದಿಟ್ಟಿಸಿದರು. "ಯಾರ ಮಗಳವ್ವಾ ನೀನು?"

"ಬಾಗೇವಾಡಿ ಖಾಜಾಸಾಬನ ಮಗಳ್ರಿ."

"ಹೌದಾ! ನನ್ನ ಟೆಂಟಿಗೆ ಎಷ್ಟ ಸಲ ಬಂದು ರಿಪೇರಿ ಮಾಡ್ಯಾನ ಪುಣ್ಯಾತ್ಮ!" ಎಂದು ಒಳಗೆ ಹೋಗಿ, ಹತ್ತಿಯಲ್ಲಿ ಸುತ್ತಿಟ್ಟ ಹೊಸ ವಾಲ್ವು ತಂದು ತಾವೇ ಹಾಕಿದರು.

ಮೈಬೂಬ ಗಿಟಾರನ್ನು ಮೊದಲನೆಯ ಮೈಕಿನ ದಾರಿಗೆ ಜೋಡಿಸಿ, ಗುಂಡಿಯನ್ನು ಪೂರ್ತಿ ತಿರುಗಿಸಿ ತಂತಿಗೆ ಕೈ ಹಾಕಿದ. ಪಡಸಾಲೆ ಗುಡುಗಿತು. ಗೂಡಿನಲ್ಲಿದ್ದ ಲೋಟ ಉರುಳಿತು. ಚನ್ನಬಸಯ್ಯ ಹಾರಿ ಬಂದು ಪ್ಲಗ್ಗಿಗೆ ಕೈ ಹಾಕಿದರು.

"ಏ, ನಿಲ್ಲಸ್ರೋ! ಸುಟ್ಟ ಹೋತು!"

"ಸುಟ್ಟಿಲ್ರಿ ಅಯ್ನಾರ, ಅದು ಇವರ ಹಾಡ್ರಿ!" ಎಂದಳು ಸಾಬೀರಾ.

ಮುದುಕರ ಮುಖ ಕೆಂಪಾಯಿತು. "ಈ ಸದ್ದ ಬರಬಾರದು ಅಂತ ಇಪ್ಪತ್ತೈದ ವರ್ಷ ಜ್ವಾಪಾನ ಮಾಡೇನಿ. ನೀವು ಈ ಸದ್ದಿಗೇ ಇದನ್ನ ಕೊಳ್ಳಾಕ ಬಂದೀರಿ? ಕೊಡೂದಿಲ್ಲ, ಹೋಗ್ರಿ."

ಮೈಬೂಬ ತಲೆ ತಗ್ಗಿಸಿ ವೈರು ಸುತ್ತತೊಡಗಿದ. ಸಾಬೀರಾ ಅವನ ಕೈ ತಡೆದಳು. ಎರಡನೆಯ ದಾರಿಯ ಮೈಕನ್ನು ತಾನೇ ಎತ್ತಿಕೊಂಡು, ಗಿಟಾರಿನ ಗುಂಡಿಯನ್ನು ಹಾಗೇ ಬಿಟ್ಟು ದೊಡ್ಡ ಗುಂಡಿಯನ್ನಷ್ಟೇ ಇಳಿಸಿ, "ಬಾರಸ್ರಿ," ಎಂದಳು. ಗಿಟಾರು ಈಗ ಗೋಡೆ ನಡುಗಿಸದೆ, ಆದರೆ ಅದೇ ಸಿಟ್ಟಿನಲ್ಲಿ, ಗುರುಗುಟ್ಟಿತು. ಅದರ ಮೇಲೆ ಅವಳು ತನ್ನ ತಾಯಿ ದಾವಲಬಿ ಬೀಸುವಾಗ ಹೇಳುತ್ತಿದ್ದ ಪದ ಎತ್ತಿಕೊಂಡಳು. ಹೊರಗಿನವರ ಮುಂದೆ ಅವಳು ಹಾಡಿದ್ದು ಅದೇ ಮೊದಲು. ಗಿಟಾರು ಬೀಸುವ ಕಲ್ಲಿನಂತೆ ಗರಗರ ತಿರುಗಿತು. ಅವಳ ದನಿ ಮಾತ್ರ ಒಂದಿಷ್ಟೂ ಒಡೆಯದೆ, ತಿಳಿಯಾಗಿ ಹೊರಟಿತು.

ಚನ್ನಬಸಯ್ಯ ಕಂಬಕ್ಕೊರಗಿ ಕೇಳಿದರು. ಪದ ಮುಗಿದ ಮೇಲೆ ದೋತರದ ಅಂಚಿನಿಂದ ಕಣ್ಣೊರೆಸಿಕೊಂಡರು. "ತಗೊಂಡ ಹೋಗ್ರಿ. ಕೊಟ್ಟಷ್ಟ ಕೊಡ್ರಿ. ಆದ್ರ ಮೊದಲನೇ ಮದವಿಗೆ ನಾ ಬರಾಂವ. ಇದಕ್ಕ ಕಾವ ಏರಿದ್ರ ನೋಡವರ ಯಾರು?"

ಮೊದಲನೆಯ ಮದುವೆ ಇಂಗಳೇಶ್ವರದಲ್ಲಿ. ಚನ್ನಬಸಯ್ಯ ಬಂದು, ಯಂತ್ರದ ಪಕ್ಕದಲ್ಲೇ ಕುಳಿತು ಬೀಸಣಿಗೆಯಿಂದ ಅದಕ್ಕೆ ಗಾಳಿ ಹಾಕಿದರು. ಸಿದ್ದರಾಯನ ಹಾಡುಗಳು ಚೊಕ್ಕಟವಾಗಿ ಕೇಳಿದವು. ಅವನ ಮುನಿಸು ಮೂರನೆಯ ಹಾಡಿಗೇ ಕರಗಿತು. ಆಮೇಲೆ ಮೈಬೂಬ ತನ್ನ ಸದ್ದು ಎತ್ತಿದ. ಉಣ್ಣುತ್ತಿದ್ದವರ ಕೈ ತಟ್ಟೆಯಲ್ಲೇ ನಿಂತಿತು. ಬೀಗರೊಬ್ಬರು "ಮಷೀನ್ ಕೆಟ್ಟೈತಿ, ಬಂದ್ ಮಾಡ್ರಿ!" ಎಂದು ಕೂಗಿದರು. ಮೈಬೂಬನ ಕೈ ನಿಂತಿತು. ಸಾಬೀರಾ ದೊಡ್ಡ ಗುಂಡಿಯತ್ತ ಕೈ ಚಾಚಿದಳು.

ಆಗ ಮದುಮಗಳ ಅಜ್ಜಿ ಶಂಕ್ರೆವ್ವ ಕೋಲೂರಿಕೊಂಡು ಎದ್ದಳು. ಎಂಟು ವರ್ಷದಿಂದ ಆಕೆಗೆ ಕಿವಿ ಕೇಳುತ್ತಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು.

"ಯಾಕ ನಿಲ್ಲಿಸಿದ್ಯೋ ತಮ್ಮಾ?" ಎಂದು ಗದರಿದಳು. "ಮುಂಜಾನಿಂದ ನನಗ ಒಂದೂ ಕೇಳಿಸಿಲ್ಲ. ಇದೊಂದು ಕೇಳ್ತು, ಎದಿಯಾಗ ಕೇಳ್ತು. ಬಾರಸು!"

ಚಪ್ಪರವೆಲ್ಲ ನಕ್ಕಿತು. ಬೀಗರೂ ನಕ್ಕು ಕೂತರು. ಮೈಬೂಬ ವೇದಿಕೆಯಿಂದ ಇಳಿದು, ವೈರು ಎಟುಕುವಷ್ಟು ದೂರ ಬಂದು, ಅಜ್ಜಿಯ ಮುಂದೆ ನೆಲದ ಮೇಲೆ ಕುಳಿತ. ಸಾಬೀರಾ ಹಾರ್ನನ್ನು ಆಕೆಯ ಕಡೆ ತಿರುಗಿಸಿ, ದೊಡ್ಡ ಗುಂಡಿಯನ್ನು ಇನ್ನಷ್ಟು ಏರಿಸಿದಳು. ಶಂಕ್ರೆವ್ವ ಕಣ್ಣು ಮುಚ್ಚಿ, ಕೋಲಿನಿಂದ ನೆಲಕ್ಕೆ ತಾಳ ಬಡಿಯುತ್ತ, ತಲೆ ತೂಗುತ್ತ ಕೇಳಿದಳು.